ಬೆಂಕಿಪೊಟ್ಟಣ ಅಲ್ಲಾಡಿಸದ ಮನೆ

1977ರ ಜೂನ್ ತಿಂಗಳಲ್ಲಿ ನಾನು ಆವನಿ ಎಂಬ ಊರಿಗೆ ಸಮೀಪದ ಒಂದು ಹಳ್ಳಿಯ ಶಾಲೆಗೆ ವರ್ಗವಾಗಿ ಹೋದೆ. ಮುಳಬಾಗಿಲಿನಿಂದ ಆ ಊರಿಗೆ ದಿನಕ್ಕೆ ಎರಡೇ ಬಸ್ಸು. ಎರಡನೆಯದು ಬಂದರೆ ಬಂದಿತು, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಊರಿನಲ್ಲಿಯೇ ಇರಬೇಕಾಯಿತು. ಮುನಿಯಲ್ಲಪ್ಪನೆಂಬ ರೈತ ತನ್ನ ಮನೆಯ ಜಗಲಿಗೆ ಹೊಂದಿಕೊಂಡಿದ್ದ ಕೋಣೆಯೊಂದನ್ನು ನನಗೆ ಬಿಟ್ಟುಕೊಟ್ಟ. ಆರು ವರ್ಷ ನಾನು ಆ ಕೋಣೆಯಲ್ಲಿದ್ದೆ. ನಾನು ಈಗ ಬರೆಯಹೊರಟಿರುವುದು ಅವನ ಹೆಂಡತಿ ಚಿಕ್ಕಗಂಗಮ್ಮನನ್ನು ಕುರಿತು.

ಚಿಕ್ಕಗಂಗಮ್ಮ ಗಡಿಯಾಚೆಯ ತೆಲುಗು ಸೀಮೆಯಿಂದ ಹದಿನಾರನೆಯ ವಯಸ್ಸಿಗೆ ಆ ಮನೆಗೆ ಸೊಸೆಯಾಗಿ ಬಂದವಳು. ತೆಳ್ಳನೆಯ ಆಳು, ಮೆತ್ತನೆಯ ದನಿ. ಹಸುಗಳು ಅತ್ತೆ ಬೈರಮ್ಮನವರವು. ರೇಷ್ಮೆಸೊಪ್ಪಿನ ತೋಟ ಗಂಡನದು. ಇಬ್ಬರು ಮಕ್ಕಳು ಹೆಸರಿಗೆ ಅವಳ ಮಕ್ಕಳಾದರೂ ಅಜ್ಜಿಯ ಸೆರಗನ್ನು ಬಿಟ್ಟವರಲ್ಲ. ಆ ಮನೆಯಲ್ಲಿ ಅವಳು ಕರೆದರೆ ಅವಳಿಗಾಗಿಯೇ ಬರುತ್ತಿದ್ದ ಜೀವ ಒಂದೇ ಒಂದು, ಅದು ಒಂದು ಗೊರವಂಕ.

ಆ ಹಕ್ಕಿ ಇನ್ನೂ ರೆಕ್ಕೆ ಬಲಿಯದ ಮರಿಯಾಗಿದ್ದಾಗ ಬಾವಿಯ ಕಲ್ಲುಗೋಡೆಯ ಸಂದಿಯಿಂದ ಬಿದ್ದಿತ್ತಂತೆ. ನೀರು ಸೇದಲು ಹೋದ ಚಿಕ್ಕಗಂಗಮ್ಮ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದು, ಬುಜ್ಜಿ ಎಂದು ಹೆಸರಿಟ್ಟು ಸಾಕಿದಳು. ಪಂಜರವಿರಲಿಲ್ಲ. ಅಂಗಳದಲ್ಲಿ, ಮನೆಯ ಮಾಡಿನ ಮೇಲೆ, ಅವಳ ಹೆಗಲ ಮೇಲೆ ಓಡಾಡಿಕೊಂಡಿರುತ್ತಿತ್ತು. ಬಂದವರೆಲ್ಲ ಕೇಳುತ್ತಿದ್ದ ಪ್ರಶ್ನೆ ಒಂದೇ, ಇದು ಮಾತನಾಡುತ್ತದೆಯೇ ಎಂದು. ಒಮ್ಮೆ ನೆರೆಮನೆಯ ಮುನಿಶಾಮಮ್ಮ ಹಾಗೆ ಕೇಳಿದಾಗ ಚಿಕ್ಕಗಂಗಮ್ಮ ಸೊಪ್ಪು ಹೆಚ್ಚುತ್ತಲೇ, "ಮಾತಾಡೋರು ಈ ಮನೇಲಿ ಬೇಕಾದಷ್ಟು ಜನ ಇದಾರೆ ಕಣಕ್ಕಾ. ಇದು ಹೇಳಿದ್ದು ಕೇಳುತ್ತೆ, ಅಷ್ಟು ಸಾಕು ನಂಗೆ" ಎಂದಳು. ಒಳಗಿದ್ದ ಬೈರಮ್ಮನವರಿಗೆ ಇದು ಕೇಳಿಸಿತೋ ಇಲ್ಲವೋ ನನಗೆ ತಿಳಿಯದು.

ಹಕ್ಕಿ ಹೇಳಿದ್ದನ್ನು ಕೇಳುತ್ತಿತ್ತು, ಒಂದು ವಿಷಯವನ್ನು ಬಿಟ್ಟು.

ಅದು ರೇಷ್ಮೆ ಸಾಕುವ ಮನೆ. ನಡುಮನೆಯ ಪಕ್ಕದ ಉದ್ದನೆಯ ಕೋಣೆಯಲ್ಲಿ ಬಿದಿರಿನ ತಟ್ಟೆಗಳನ್ನು ಅಟ್ಟಣೆಯ ಮೇಲೆ ಒಂದರ ಮೇಲೊಂದು ಜೋಡಿಸಿ ಹುಳು ಸಾಕುತ್ತಿದ್ದರು. ಕಾಲು ತೊಳೆಯದೆ ಯಾರೂ ಆ ಕೋಣೆಗೆ ಹೋಗುವಂತಿರಲಿಲ್ಲ. ಹೊಗೆಸೊಪ್ಪಿನ ವಾಸನೆ ಹುಳುಗಳಿಗೆ ಆಗದೆಂದು ಮುನಿಯಲ್ಲಪ್ಪ ತನ್ನ ಬೀಡಿಯನ್ನು ಹುಣಸೆಮರದ ಕೆಳಗೆ ಸೇದಿ, ಬಾಯಿ ಮುಕ್ಕಳಿಸಿ, ಕೈ ತೊಳೆದು ಬರುತ್ತಿದ್ದ. ಇಷ್ಟು ಎಚ್ಚರದಿಂದ ಕಾಯುತ್ತಿದ್ದ ಕೋಣೆಗೆ ಬುಜ್ಜಿ ಯಾವಾಗಲೋ ನುಗ್ಗಿ, ತಟ್ಟೆಯ ಅಂಚಿನಲ್ಲಿ ಕುಳಿತು, ದಪ್ಪ ದಪ್ಪ ಹುಳುಗಳನ್ನು ಆರಿಸಿ ತಿನ್ನತೊಡಗಿತು.

ಇದರಲ್ಲಿ ಹಕ್ಕಿಯ ತಪ್ಪಿರಲಿಲ್ಲ. ಪ್ರತಿ ಜ್ವರ ಕಳೆದಾಗಲೂ, ಎಂದರೆ ಹುಳುಗಳು ಒಂದು ದಿನ ಮೇವು ಬಿಟ್ಟು ಪೊರೆ ಕಳಚಿಕೊಂಡಾಗಲೂ, ಬೆಳೆಯದೆ ಹಿಂದುಳಿದ ಹುಳುಗಳನ್ನು ಆರಿಸಿ ಕೋಳಿಗಳಿಗೆ ಎಸೆಯುವುದು ವಾಡಿಕೆ. ಮರಿಗೆ ಏನು ತಿನ್ನಿಸಬೇಕೆಂದು ತಿಳಿಯದೆ ಚಿಕ್ಕಗಂಗಮ್ಮ ಆ ಹುಳುಗಳನ್ನೇ ಅದರ ಬಾಯಿಗಿಟ್ಟು ಬೆಳೆಸಿದ್ದಳು. ಅದೂ ಅಟ್ಟಣೆಯ ಪಕ್ಕದಲ್ಲಿ ನಿಂತು, ತಟ್ಟೆಯಿಂದ ನೇರವಾಗಿ. ತಟ್ಟೆಯೆಂದರೆ ಊಟದ ಎಲೆ ಎಂದು ಆ ಹಕ್ಕಿಗೆ ಪಾಠ ಹೇಳಿದವಳು ಅವಳೇ. ಇದನ್ನು ಅವಳು ಮುಚ್ಚಿಡಲಿಲ್ಲ. "ನಾನೇ ಕಲಿಸಿದ್ದು, ಇನ್ನ ಯಾರನ್ನ ಬೈಯ್ಲಿ?" ಎಂದು ನನ್ನ ಮುಂದೆಯೇ ಹೇಳಿದ್ದಳು.

1979ರ ಮಳೆಗಾಲದ ಬೆಳೆಯಲ್ಲಿ ಒಂದು ಬೆಳಿಗ್ಗೆ ಬೈರಮ್ಮನವರು ಹಕ್ಕಿಯನ್ನು ತಟ್ಟೆಯ ಮೇಲೆಯೇ ಹಿಡಿದರು. ಕೊಕ್ಕಿನಲ್ಲಿ ಇನ್ನೂ ಹುಳು ಇತ್ತು. ಆಕೆ ಕೂಗಾಡಲಿಲ್ಲ. ಹಕ್ಕಿಯನ್ನು ಸೊಸೆಯ ಕೈಗೆ ಕೊಟ್ಟು, ಕುಕ್ಕೆಯಲ್ಲಿ ಮುಚ್ಚಿಡು ಎಂದರು. ಎರಡು ದಿನ ಬಿದಿರಿನ ಕುಕ್ಕೆಯ ಕೆಳಗೆ ಬುಜ್ಜಿ ಒಂದೇ ಸಮನೆ ಅರಚಿತು. ಮೂರನೆಯ ದಿನ ತನ್ನ ಎದೆಯ ಪುಕ್ಕಗಳನ್ನು ತಾನೇ ಕಿತ್ತುಕೊಂಡಿತು. ಅದನ್ನು ಕಂಡು ಬೈರಮ್ಮನವರೇ ಕುಕ್ಕೆ ಎತ್ತಿದರು. ಕೋಣೆಯ ಬಾಗಿಲನ್ನು ಮುಚ್ಚಿಡೋಣವೆಂದರೆ ಗಾಳಿಯಾಡದೆ ಹುಳುಗಳಿಗೆ ರೋಗ ಬರುತ್ತದೆ. ಅದೂ ಅಲ್ಲದೆ ದಿನಕ್ಕೆ ಐದು ಸಲ ಸೊಪ್ಪಿನ ಕುಕ್ಕೆ ಹೊತ್ತು ಒಳಗೂ ಹೊರಗೂ ತಿರುಗಬೇಕು.

ಆಗ ನಾನು ಒಂದು ಸಲಹೆ ಕೊಟ್ಟೆ. ತಟ್ಟೆಯ ಹತ್ತಿರ ಬಂದಾಗಲೆಲ್ಲ ಹುಣಸೆ ಬರಲಿನಿಂದ ನೆಲಕ್ಕೆ ಬಡಿದು ಹೆದರಿಸಿದರೆ ನಾಲ್ಕು ದಿನದಲ್ಲಿ ಬುದ್ಧಿ ಬರುತ್ತದೆ ಎಂದೆ. ಶಾಲೆಯಲ್ಲಿ ನನಗೆ ಗೊತ್ತಿದ್ದ ದಾರಿಯೂ ಅದೇ. ಮುನಿಯಲ್ಲಪ್ಪ ಹಾಗೆಯೇ ಮಾಡಿದ. ನಾಲ್ಕು ದಿನದಲ್ಲಿ ಹಕ್ಕಿ ಕೋಣೆಯ ಕಡೆಗೆ ತಲೆ ಹಾಕುವುದನ್ನು ನಿಲ್ಲಿಸಿತು. ನನಗೆ ಬಹಳ ಸಂತೋಷವಾಯಿತು. ಐದನೆಯ ದಿನ ಎಲ್ಲರೂ ತೋಟಕ್ಕೆ ಹೋಗಿದ್ದಾಗ ಚಿಕ್ಕಗಂಗಮ್ಮ ಏನನ್ನೋ ಮರೆತು ಹಿಂದಿರುಗಿದಳು. ಬುಜ್ಜಿ ಅಟ್ಟಣೆಯ ಕೆಳಗಿನ ತಟ್ಟೆಯಲ್ಲಿ, ಹೊರಗಿನಿಂದ ಕಾಣದ ಮೂಲೆಯಲ್ಲಿ ಕುಳಿತು ನಿಶ್ಚಿಂತೆಯಿಂದ ತಿನ್ನುತ್ತಿತ್ತು.

ಅವಳು ಸಂಜೆ ನನ್ನ ಕೋಣೆಯ ಮುಂದೆ ಬಂದು ನಿಂತು ಹೇಳಿದ ಮಾತನ್ನು ನಾನು ಮರೆತಿಲ್ಲ.

"ಅದು ಕಲ್ತಿದ್ದು ಹುಳು ತಿನ್ಬಾರ್ದು ಅಂತ ಅಲ್ಲ ಮೇಷ್ಟ್ರೇ. ನಿಮ್ಮ ಕಣ್ಣಿಗೆ ಬೀಳ್ಬಾರ್ದು ಅಂತ."

ಬೈರಮ್ಮನವರಿಗೆ ಸಾಕಾಗಿತ್ತು. ಮುಂದಿನ ಬೆಳೆಗೆ ಮೊಟ್ಟೆ ತರುವ ದಿನ ಅವರು ತಮ್ಮ ತೀರ್ಮಾನವನ್ನು ಹೇಳಿದರು. ಈ ಹೊಸ ಬೆಳೆಯ ಗೂಡು ಬಿಡಿಸುವವರೆಗೆ ನೋಡುವುದು. ಅಷ್ಟರೊಳಗೆ ಹಕ್ಕಿ ಒಂದು ಸಲ ಹುಳುಮನೆಯ ಒಳಗೆ ಕಂಡರೂ ಮುನಿಯಲ್ಲಪ್ಪ ಅದನ್ನು ಸೈಕಲ್ಲಿನಲ್ಲಿ ಕುರುಡುಮಲೆಯ ಕಡೆಗೆ ಒಯ್ದು ಬಿಟ್ಟು ಬರಬೇಕು. ಇದರಲ್ಲಿ ಕ್ರೌರ್ಯವೇನೂ ಇರಲಿಲ್ಲ. ಹುಳುವಿನಿಂದಲೇ ಆ ಮನೆ ನಡೆಯುತ್ತಿತ್ತು. ಆದರೆ ಬೆಕ್ಕೆಂದರೆ ಏನೆಂದು ತಿಳಿಯದ, ತನ್ನ ಜಾತಿಯ ಹಕ್ಕಿಗಳೊಡನೆ ಒಂದು ದಿನವೂ ಇರದ ಬುಜ್ಜಿ, ಹೊರಗೆ ಬಿಟ್ಟರೆ ಎರಡು ದಿನ ಬದುಕುವುದಿಲ್ಲವೆಂದು ಮನೆಯವರಿಗೆಲ್ಲ ಗೊತ್ತಿತ್ತು.

ಮೊಟ್ಟೆ ಒಡೆದು, ಹುಳುಗಳು ಹಣ್ಣಾಗಿ ಗೂಡು ಕಟ್ಟಲು ಸುಮಾರು ಒಂದು ತಿಂಗಳು. ಮೊದಲ ವಾರಗಳಲ್ಲಿ ಹುಳುಗಳು ಸಣ್ಣವು, ತಟ್ಟೆಗಳನ್ನು ಮುಚ್ಚಿಟ್ಟಿರುತ್ತಾರೆ. ಚಿಕ್ಕಗಂಗಮ್ಮನಿಗೆ ಸಿಕ್ಕಿದ್ದು ಆ ಕಾಲಾವಕಾಶ.

ಅವಳು ಮಾಡಿದ್ದು ಇಷ್ಟು. ಹಿಪ್ಪುನೇರಳೆಯ ಕವಲುಕೋಲೊಂದನ್ನು ಕಡಿದು ಜಗಲಿಯ ಪಕ್ಕದಲ್ಲಿ, ಹುಳುಮನೆಯ ಬಾಗಿಲಿಗೆ ಹತ್ತು ಹೆಜ್ಜೆ ದೂರದಲ್ಲಿ ನೆಟ್ಟಳು. ಆಮೇಲೆ ಹುಳುವಿಗಿಂತ ರುಚಿಯಾದುದು ಯಾವುದೆಂದು ಹುಡುಕಿದಳು. ಹುರಿಗಡಲೆ, ಬಾಳೆಹಣ್ಣು, ಬೆಲ್ಲ ಸವರಿದ ಕಡಲೆಕಾಯಿ ಬೀಜ, ತೋಟದಲ್ಲಿ ಹಿಡಿದ ಮಿಡತೆ, ಇವನ್ನು ನನ್ನ ಬರೆಯುವ ಹಲಗೆಯ ಮೇಲೆ ಸಾಲಾಗಿ ಇಟ್ಟು ಬುಜ್ಜಿಯನ್ನು ಕರೆದಳು. ಅದು ಮೂರನ್ನು ದಾಟಿಕೊಂಡು ಹೋಗಿ ಮಿಡತೆಯನ್ನು ಎತ್ತಿಕೊಂಡಿತು. ಮರುದಿನ ಸಾಲನ್ನು ತಿರುಗಿಸಿ ಇಟ್ಟಳು. ಮತ್ತೆ ಮಿಡತೆಯೇ.

ಅಂದಿನಿಂದ ತೋಟಕ್ಕೆ ಸೊಪ್ಪು ಕೊಯ್ಯಲು ಹೋದಾಗಲೆಲ್ಲ ಮಿಡತೆ ಹಿಡಿದು ಬೆಂಕಿಪೊಟ್ಟಣವೊಂದರಲ್ಲಿ ಹಾಕಿಕೊಂಡು ಬರುತ್ತಿದ್ದಳು. ಶಬ್ದವಾಗಲೆಂದು ಅದರೊಳಗೆ ನಾಲ್ಕು ಕಡ್ಡಿಗಳನ್ನೂ ಬಿಟ್ಟಿದ್ದಳು. ಪೊಟ್ಟಣ ಅಲ್ಲಾಡಿಸಿ, "ರಾ, ಬುಜ್ಜಿ" ಎಂದು ತನ್ನ ತೆಲುಗಿನಲ್ಲಿ ಕರೆಯುವಳು. ಹಕ್ಕಿ ಕವಲುಕೋಲಿನ ಮೇಲೆ ಬಂದು ಕುಳಿತ ಕ್ಷಣವೇ ಮಿಡತೆ. ಬೇರೆ ಎಲ್ಲಿ ಕುಳಿತರೂ ಬೈಗುಳವಿಲ್ಲ, ಏನೂ ಇಲ್ಲ, ಅದು ತನ್ನ ಕಣ್ಣಿಗೆ ಕಾಣಿಸುವುದೇ ಇಲ್ಲವೆಂಬಂತೆ ತನ್ನ ಕೆಲಸ ಮಾಡಿಕೊಂಡಿರುತ್ತಿದ್ದಳು. ಹೆಗಲ ಮೇಲೆ ಬಂದು ಕಿವಿಯೋಲೆ ಎಳೆದರೂ ತಿರುಗಿ ನೋಡುತ್ತಿರಲಿಲ್ಲ. ಅದು ಅವಳಿಗೆ ಎಷ್ಟು ಕಷ್ಟವಾಗುತ್ತಿತ್ತೆಂಬುದನ್ನು ನಾನು ಬಲ್ಲೆ.

ಒಂದು ವಾರ ಚೆನ್ನಾಗಿ ನಡೆಯಿತು. ಎರಡನೆಯ ವಾರ ಇದ್ದಕ್ಕಿದ್ದಂತೆ ಪಾಠ ನಿಂತುಹೋಯಿತು. ಪೊಟ್ಟಣ ಅಲ್ಲಾಡಿಸಿದರೂ ಬುಜ್ಜಿ ಮಾಡಿನ ಮೇಲೆ ಗರಿ ಕೆದರಿಕೊಂಡು ಕುಳಿತಿರುತ್ತಿತ್ತು. ಮಿಡತೆ ತೋರಿಸಿದರೂ ಬೇಡ. ಚಿಕ್ಕಗಂಗಮ್ಮನಿಗೆ ಕಾಯಿಲೆಯೇನೋ ಎಂಬ ಭಯ. ಎರಡು ದಿನದ ಮೇಲೆ ಗುಟ್ಟು ತಿಳಿಯಿತು. ಮುನಿಯಲ್ಲಪ್ಪ ಬೆಳಿಗ್ಗೆ ಹುಣಸೆಮರದ ಕೆಳಗೆ ಕುಳಿತು, ಹೆಂಡತಿಗೆ ಸಹಾಯವಾಗಲೆಂದು, ಹಕ್ಕಿಗೆ ರಾಗಿಮುದ್ದೆಯ ಉಂಡೆಗಳನ್ನು ಹೊಟ್ಟೆ ಬಿರಿಯುವಷ್ಟು ತಿನ್ನಿಸುತ್ತಿದ್ದ. ಹೊಟ್ಟೆ ತುಂಬಿದ್ದರೆ ಹುಳುವಿನ ಕಡೆಗೆ ಹೋಗುವುದಿಲ್ಲವಲ್ಲ ಎಂಬುದು ಅವನ ಲೆಕ್ಕ.

"ಹೊಟ್ಟೆ ತುಂಬಿದೋರು ಯಾಕೆ ಪಾಠ ಕೇಳ್ತಾರೆ?" ಎಂದು ಅವಳು ರೇಗಿದಳು. ನಾನು ಅವಳು ರೇಗಿದ್ದನ್ನು ಕಂಡದ್ದು ಅದೊಂದೇ ಸಲ. "ಹಸಿಸ್ಬೇಡ, ತುಂಬಿಸ್ಲೂ ಬೇಡ. ಬೆಳಗಿಂದು ನಂಗೆ ಬಿಟ್ಬಿಡು. ಸಾಯಂಕಾಲ ಎಷ್ಟು ಬೇಕಾದ್ರೂ ಉಣ್ಣಿಸ್ಕೋ."

ಮುನಿಯಲ್ಲಪ್ಪ ನನ್ನ ಕಡೆ ನೋಡಿ, "ನೋಡಿ ಸಾ, ಒಳ್ಳೇದು ಮಾಡಕ್ಕೋದ್ರೆ ಹಿಂಗೆ" ಎಂದು ಗೊಣಗಿದ. ಆದರೆ ಮರುದಿನದಿಂದ ಮುದ್ದೆ ಸಂಜೆಗೆ ಹೋಯಿತು, ಹಕ್ಕಿ ಕವಲುಕೋಲಿಗೆ ಹಿಂದಿರುಗಿತು.

ಮೂರನೆಯ ವಾರದಿಂದ ಅವಳು ಕೆಲಸವನ್ನು ಕಠಿಣಗೊಳಿಸುತ್ತ ಬಂದಳು. ಮೊದಲು ಕೋಲಿನ ಮೇಲೆ ಕುಳಿತೊಡನೆ ಮಿಡತೆ. ಆಮೇಲೆ ಹತ್ತು ಎಣಿಸುವಷ್ಟು ಕುಳಿತಿದ್ದರೆ. ಆಮೇಲೆ ಅವಳು ಒಂದು ಕುಕ್ಕೆ ಸೊಪ್ಪನ್ನು ಹುಳುಮನೆಗೆ ಹಾಕಿ ಬರುವವರೆಗೆ ಕುಳಿತಿದ್ದರೆ. ನಡುವೆ ಹಾರಿಹೋದರೆ ತಪ್ಪು ಹಕ್ಕಿಯದಲ್ಲ, ತನ್ನದೆಂದು ತಿಳಿದು, ಮರುದಿನ ಹತ್ತಕ್ಕೆ ಬದಲು ಐದನ್ನೇ ಎಣಿಸುತ್ತಿದ್ದಳು. ಒಂದು ಸಲ ಬುಜ್ಜಿ ಅವಳ ಹಿಂದೆಯೇ ನಡೆದು ಬಂದು ಹುಳುಮನೆಯ ಹೊಸ್ತಿಲ ಮೇಲೆ ನಿಂತಿತು. ಒಳಗೆ ಹುಳುಗಳು ಸೊಪ್ಪು ಮೇಯುವ ಶಬ್ದ ಸಣ್ಣ ಮಳೆಯಂತೆ ಕೇಳುತ್ತಿತ್ತು. ಹಕ್ಕಿ ಕತ್ತು ಓರೆ ಮಾಡಿ ಕೇಳಿತು. ನಾನು ಜಗಲಿಯಿಂದ ಬಾಯಿ ತೆರೆಯುವಷ್ಟರಲ್ಲಿ ಅವಳು ಕೈಸನ್ನೆಯಿಂದ ನನ್ನನ್ನು ಸುಮ್ಮನಿರಿಸಿದಳು. ಹಕ್ಕಿ ಸ್ವಲ್ಪ ಹೊತ್ತು ನಿಂತಿದ್ದು, ತಾನಾಗಿಯೇ ತಿರುಗಿ, ಕುಣಿಯುತ್ತ ಕುಣಿಯುತ್ತ ಹೋಗಿ ಕೋಲಿನ ಮೇಲೆ ಕುಳಿತಿತು. ಆ ದಿನ ಅದಕ್ಕೆ ಮೂರು ಮಿಡತೆ ಸಿಕ್ಕಿದವು.

ಇದನ್ನೆಲ್ಲ ಬೈರಮ್ಮನವರು ರಾಗಿ ಕೇರುತ್ತ ನೋಡುತ್ತಿದ್ದರು. ಏನೂ ಹೇಳುತ್ತಿರಲಿಲ್ಲ. ಒಮ್ಮೆ ಮಾತ್ರ, "ನಂಗೂ ಇಷ್ಟು ಸಾವಧಾನವಾಗಿ ಮುದ್ದೆ ಕಟ್ಟಿಕೊಟ್ಟಿದ್ರೆ ನಾನೂ ಕೋಲಿನ ಮೇಲೆ ಕೂತ್ಕೊಂತಿದ್ದೆ" ಎಂದರು.

ಹುಳುಗಳು ನಾಲ್ಕನೆಯ ಜ್ವರ ಕಳೆದು, ತಿಂದು ತಿಂದು ದಪ್ಪವಾಗಿ, ಕೊನೆಗೆ ಮೈ ಹಳದಿಗಟ್ಟಿ ಹಣ್ಣಾದವು. ಹಣ್ಣುಹುಳುಗಳನ್ನು ಒಂದೊಂದಾಗಿ ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುವ ದಿನ ಭಾನುವಾರ. ಮುನಿಶಾಮಮ್ಮನೂ ಕೈಜೋಡಿಸಲು ಬಂದಿದ್ದಳು. ನಾನು ಜಗಲಿಯಲ್ಲಿ ಮಕ್ಕಳ ಪುಸ್ತಕಗಳನ್ನು ತಿದ್ದುತ್ತ ಕುಳಿತಿದ್ದೆ. ಮೋಡ ಮುಸುಕಿ ತಣ್ಣನೆಯ ಗಾಳಿ ಬೀಸುತ್ತಿತ್ತು. ಇಂಥ ಹವೆಯಲ್ಲಿ ಹುಳುಗಳು ಗೂಡು ಕಟ್ಟಲು ಮಂಕಾಗುತ್ತವೆಂದು ಒಳಗೆ ಇದ್ದಲಿನ ಅಗ್ಗಿಷ್ಟಿಕೆ ಹೊತ್ತಿಸಬೇಕೆಂದರು ಬೈರಮ್ಮನವರು. ಬುಜ್ಜಿ ಕವಲುಕೋಲಿನ ಮೇಲೆ ಗರಿ ತಿದ್ದಿಕೊಳ್ಳುತ್ತಿತ್ತು. ಆ ದಿನ ದಾಟಿದರೆ ಗೂಡು ಕಟ್ಟುವ ಮೂರು ದಿನ, ಆಮೇಲೆ ಬಿಡಿಸುವುದು. ಹೆಚ್ಚುಕಡಿಮೆ ಗಡುವು ಮುಗಿದಂತೆಯೇ.

ಬೈರಮ್ಮನವರು ಒಳಗೆ ಅಗ್ಗಿಷ್ಟಿಕೆಗೆ ಇದ್ದಲು ತುಂಬಿ, ಗೋಡೆಯ ಹಲಗೆಯ ಮೇಲಿದ್ದ ಬೆಂಕಿಪೊಟ್ಟಣವನ್ನು ತೆಗೆದುಕೊಂಡು, ಅದರಲ್ಲಿ ಕಡ್ಡಿ ಇದೆಯೋ ಇಲ್ಲವೋ ಎಂದು ಎಲ್ಲರೂ ಮಾಡುವಂತೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

ನನ್ನ ಕಣ್ಣೆದುರಿಗೇ ಬುಜ್ಜಿ ಕೋಲಿನಿಂದ ಎದ್ದು, ನೆಟ್ಟಗೆ ಬಾಗಿಲಿನ ಮೂಲಕ ಹುಳುಮನೆಯ ಒಳಕ್ಕೆ ಹಾರಿತು.

ನಾನು ಪುಸ್ತಕ ಬಿಟ್ಟು ಬಾಗಿಲಿಗೆ ಓಡಿದೆ. ಒಳಗೆ ಎಲ್ಲರೂ ಇದ್ದಲ್ಲಿಯೇ ನಿಂತಿದ್ದರು. ಎರಡೂ ಕಡೆ ಅಟ್ಟಣೆಗಳ ತುಂಬ ಸಾವಿರಾರು ಹಣ್ಣುಹುಳುಗಳು ತಲೆಯೆತ್ತಿ ಆಡಿಸುತ್ತಿದ್ದವು. ನಡುವಿನ ಕಿರುದಾರಿಯಲ್ಲಿ ಬೈರಮ್ಮನವರು, ಅವರ ಹೆಗಲ ಮೇಲೆ ಹಕ್ಕಿ. ಚಿಕ್ಕಗಂಗಮ್ಮ ಕೋಣೆಯ ಆ ತುದಿಯಲ್ಲಿದ್ದಳು. ಹುಳು ತುಂಬಿದ ಮೊರ ಅವಳ ಎರಡೂ ಕೈಗಳಲ್ಲಿತ್ತು.

ಸಾಲದುದಕ್ಕೆ, ಬೈರಮ್ಮನವರ ಸೆರಗಿನ ಮೇಲೆ ಒಂದು ಹುಳು ಹತ್ತಿಕೊಂಡಿತ್ತು. ಅದು ಮೆಲ್ಲನೆ ತೆವಳುತ್ತ ಹೆಗಲಿಗೆ, ಹಕ್ಕಿಯ ಹಳದಿ ಕಾಲಿನ ಪಕ್ಕಕ್ಕೇ ಬಂದಿತು. ಬುಜ್ಜಿ ಕತ್ತು ಬಗ್ಗಿಸಿ ಅದನ್ನು ನೋಡಿತು. ಒಂದು ಕಣ್ಣಿನಿಂದ ನೋಡಿತು, ತಲೆ ತಿರುಗಿಸಿ ಇನ್ನೊಂದು ಕಣ್ಣಿನಿಂದಲೂ ನೋಡಿತು.

"ಅತ್ತಮ್ಮಾ," ಎಂದಳು ಚಿಕ್ಕಗಂಗಮ್ಮ, ದನಿ ಎತ್ತದೆ. "ಕೈ ಎತ್ಬೇಡಿ. ಪೊಟ್ಟಣ ಅಲ್ಲಾಡಿಸ್ಕೊಂಡು ಹಾಗೇ ಹೊರಕ್ಕೆ ನಡೀರಿ."

ಅತ್ತೆ ಸೊಸೆಯ ಮಾತನ್ನು ಮರುಮಾತಿಲ್ಲದೆ ಕೇಳಿದ್ದನ್ನು ನಾನು ಆ ದಿನ ಕಂಡೆ. ಬೈರಮ್ಮನವರು ಪೊಟ್ಟಣವನ್ನು ಎದೆಯ ಮಟ್ಟದಲ್ಲಿ ಹಿಡಿದು ಗಲಗಲ ಆಡಿಸುತ್ತ, ಕತ್ತು ತಿರುಗಿಸದೆ, ಒಂದೊಂದೇ ಹೆಜ್ಜೆ ಇಟ್ಟು ನಡೆದರು. ಎಡಕ್ಕೂ ಬಲಕ್ಕೂ ಹಕ್ಕಿಯ ಕೊಕ್ಕಿಗೆ ಗೇಣುದ್ದದಲ್ಲಿ ತಟ್ಟೆಗಳು ಸರಿದುಹೋದವು. ಹಕ್ಕಿ ಹುಳುವಿನಿಂದ ಕಣ್ಣು ತೆಗೆದು ಪೊಟ್ಟಣವನ್ನು ನೋಡಿತು. ಆಮೇಲೆ ಅದು ಬೇರೆ ಯಾವುದನ್ನೂ ನೋಡಲಿಲ್ಲ. ನಾನು ಬಾಗಿಲಿನಿಂದ ಸರಿದು ದಾರಿ ಬಿಟ್ಟೆ. ಅಂಗಳಕ್ಕೆ ಬಂದೊಡನೆ ಬುಜ್ಜಿ ಹೆಗಲಿನಿಂದ ಹಾರಿ, ಯಾರೂ ಹೇಳದೆ, ತನ್ನ ಕವಲುಕೋಲಿನ ಮೇಲೆ ಕುಳಿತು, ಕೊಡಬೇಕಾದುದನ್ನು ಕೊಡಿರೆಂಬಂತೆ ಕಾದಿತು.

ಚಿಕ್ಕಗಂಗಮ್ಮ ಮೊರವನ್ನು ಮುನಿಶಾಮಮ್ಮನ ಕೈಗೆ ಕೊಟ್ಟು ಓಡಿ ಬಂದಳು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಪೊಟ್ಟಣವನ್ನು ಹರಿದೇ ತೆಗೆದು, ಇದ್ದ ಮಿಡತೆಗಳನ್ನೆಲ್ಲ ಒಂದಾದ ಮೇಲೊಂದರಂತೆ ಕೊಟ್ಟಳು. ಆಮೇಲೆ ಜಗಲಿಯ ಅಂಚಿನಲ್ಲಿ ಕುಳಿತುಬಿಟ್ಟಳು.

ಬೈರಮ್ಮನವರು ತಮ್ಮ ಹೆಗಲಿನ ಮೇಲಿನ ಹುಳುವನ್ನು ಎರಡು ಬೆರಳಿನಲ್ಲಿ ಎತ್ತಿ, ಅದರ ಮೈ ನೋಡಿ, ಒಳಗೆ ಹೋಗಿ ಚಂದ್ರಿಕೆಗೆ ಬಿಟ್ಟು ಬಂದರು. ಆದರೆ ಶರತ್ತು ಶರತ್ತೇ. ಹಕ್ಕಿ ಹುಳುಮನೆಯ ಒಳಗೆ ಬಂದಿತ್ತು.

ಮಧ್ಯಾಹ್ನ ಮುದ್ದೆಯ ಮುಂದೆ ಕುಳಿತಾಗ ಮುನಿಯಲ್ಲಪ್ಪ ತಟ್ಟೆ ನೋಡುತ್ತ ಕೇಳಿದ.

"ಅಮ್ಮಾ, ಸೈಕಲ್ಲು ತೆಗೀಲೇನು?"

"ಸೈಕಲ್ಲು ಯಾಕ್ಲಾ?" ಎಂದರು ಬೈರಮ್ಮನವರು. "ನಾನು ಕರೆದೆ, ಅದು ಬಂತು. ನೀನು ಯಾವತ್ತು ಒಂದೇ ಸಲ ಕರೆದ್ರೆ ಬಂದಿದೀಯ?"

ಮುನಿಯಲ್ಲಪ್ಪ ತಲೆ ತಗ್ಗಿಸಿ ಸಾರು ಕಲೆಸಿಕೊಂಡ. ಅವನು ನಗುತ್ತಿದ್ದನೆಂದು ಅವನ ಹೆಗಲು ಅಲುಗುತ್ತಿದ್ದುದರಿಂದ ತಿಳಿಯಿತು. ಚಿಕ್ಕಗಂಗಮ್ಮ ಅತ್ತೆಗೆ ಇನ್ನೊಂದು ಸೌಟು ಸಾರು ಬಡಿಸಲು ಬಗ್ಗಿದವಳು, ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಎರಡು ತಿಂಗಳಿನಿಂದ ಆ ಮನೆಯ ಮೇಲೆ ಕುಳಿತಿದ್ದ ಭಾರ ಅಂದು ಇಳಿಯಿತು. ಹೊರಗೆ ಮೋಡವೂ ಕರಗಿ ಬಿಸಿಲು ಬಂದಿತ್ತೆಂದು ನೆನಪು. ಅಗ್ಗಿಷ್ಟಿಕೆಯನ್ನು ಹೊತ್ತಿಸಲೇ ಇಲ್ಲ.

ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೋಗುವಾಗ ಸೊಪ್ಪಿನ ತೋಟದಲ್ಲಿ ಬೈರಮ್ಮನವರು ಬಗ್ಗಿ ಬಗ್ಗಿ ಏನನ್ನೋ ಹಿಡಿಯುತ್ತಿದ್ದರು. ನನ್ನನ್ನು ಕಂಡು ಕೈಯನ್ನು ಹಿಂದಕ್ಕೆ ಮರೆಮಾಡಿಕೊಂಡು, ಇವತ್ತು ಶಾಲೆಗೆ ತಡವಾಯಿತಲ್ಲವೇ ಎಂದು ಕೇಳಿದರು. ತಡವಾಗಿರಲಿಲ್ಲ. ನಾನು ನೋಡದವನಂತೆ ಮುಂದೆ ನಡೆದೆ. ಅದೇ ವಾರ ಶಾಲೆಯಲ್ಲಿ ನನ್ನ ಮೇಜಿನ ಮೇಲಿದ್ದ ಹುಣಸೆ ಬರಲು ಅಟ್ಟಕ್ಕೆ ಹೋಯಿತು. ಅದರ ಬದಲು ಒಂದು ಡಬ್ಬಿಯಲ್ಲಿ ಹುರಿಗಡಲೆ ಇಡುತ್ತಿದ್ದೆ. ಮಗ್ಗಿ ಹೇಳುವಾಗ ತಪ್ಪಿದವರಿಗೆ ಐದರವರೆಗೆ ಮಾತ್ರ ಹೇಳಿಸುತ್ತಿದ್ದೆ. ಇದರಿಂದ ಎಷ್ಟು ಮಕ್ಕಳು ಮುಂದೆ ಬಂದರೋ ಹೇಳಲಾರೆ. ಶಾಲೆಗೆ ಬಾರದೆ ಹೊಲದಲ್ಲಿ ಅವಿತುಕೊಳ್ಳುವವರು ಕಡಿಮೆಯಾದದ್ದು ನಿಜ.

ಎರಡು ವರ್ಷಗಳ ಮೇಲೆ ನಮ್ಮ ಸೀಮೆಗೆ ಊಜಿ ನೊಣದ ಕಾಟ ಬಂದಿತು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಆ ನೊಣಕ್ಕೆ ಹೆದರಿ ಎಲ್ಲರೂ ಹುಳುಮನೆಯ ಬಾಗಿಲು ಕಿಟಕಿಗಳಿಗೆ ಬಲೆ ಬಿಗಿದರು. ಬಲೆಯ ಬಾಗಿಲನ್ನು ಮೊದಲ ಸಲ ಎಳೆದು ಮುಚ್ಚಿದ ದಿನ ಚಿಕ್ಕಗಂಗಮ್ಮ ಹೊರಗೆ ನಿಂತು, ಈ ಬಲೆ ಎರಡು ವರ್ಷ ಮೊದಲೇ ಬಂದಿದ್ದರೆ ನನಗೆ ಅಷ್ಟು ಮಿಡತೆ ಹಿಡಿಯುವುದು ತಪ್ಪುತ್ತಿತ್ತಲ್ಲ ಎಂದು ನಕ್ಕಳು. ಬುಜ್ಜಿ ಆಗಲೂ ಕೋಲಿನ ಮೇಲೆಯೇ ಕುಳಿತಿತ್ತು. ಅದು 1986ರವರೆಗೆ ಬದುಕಿತ್ತೆಂದು ಮುನಿಯಲ್ಲಪ್ಪ ಕಾರ್ಡು ಬರೆದಿದ್ದ. ನಾನು ಆ ಹೊತ್ತಿಗೆ ಮಾಲೂರಿಗೆ ವರ್ಗವಾಗಿದ್ದೆ.

ನಿವೃತ್ತನಾದ ಮೇಲೆ ಒಮ್ಮೆ ಆ ಮನೆಗೆ ಹೋಗಿದ್ದೆ. ಬೈರಮ್ಮನವರು ಇಲ್ಲ. ಚಿಕ್ಕಗಂಗಮ್ಮನೇ ಈಗ ಅತ್ತೆ. ಕವಲುಕೋಲಿದ್ದ ಜಾಗದಲ್ಲಿ ಸ್ಕೂಟರ್ ನಿಂತಿತ್ತು. ಕಾಫಿ ಮಾಡಲು ಸೊಸೆ ಒಲೆಯ ಮುಂದೆ ಹೋದಳು. ಬುಜ್ಜಿಯನ್ನು ಕಣ್ಣಾರೆ ಕಾಣದ ಹುಡುಗಿ ಅವಳು. ಹಲಗೆಯ ಮೇಲಿದ್ದ ಬೆಂಕಿಪೊಟ್ಟಣವನ್ನು ತೆಗೆದುಕೊಂಡಳು. ಕಿವಿಯ ಹತ್ತಿರ ಒಯ್ಯಲಿಲ್ಲ, ಅಲ್ಲಾಡಿಸಲೂ ಇಲ್ಲ. ಮೆಲ್ಲನೆ ತೆರೆದು, ಒಳಗೆ ಕಡ್ಡಿ ಇದೆಯೇ ಎಂದು ನೋಡಿ, ಒಲೆ ಹಚ್ಚಿದಳು.

ಯಾಕಮ್ಮಾ ಹಾಗೆ ಎಂದು ಕೇಳಿದೆ.

"ಗೊತ್ತಿಲ್ಲ ಸಾರ್. ನಮ್ಮನೇಲಿ ಹಂಗೇ ಮಾಡೋದು" ಎಂದಳು.

ಚಿಕ್ಕಗಂಗಮ್ಮ ನನ್ನ ಕಡೆ ನೋಡಿದಳು. ಆಮೇಲೆ ನಾವಿಬ್ಬರೂ ಕವಲುಕೋಲಿದ್ದ ಜಾಗದ ಕಡೆ ನೋಡುತ್ತ ಕಾಫಿ ಕುಡಿದೆವು.